ಬೀದಿ ಇಲ್ಲದ ಊರಿನ ಕ್ಯಾಮೆರಾ

ಕೊಯಿಲದಲ್ಲಿ ರಸ್ತೆ ಇದೆ, ಬೀದಿ ಇಲ್ಲ. ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆ ಆತೂರಿನಲ್ಲಿ ನಮ್ಮನ್ನೊಮ್ಮೆ ಮಾತಾಡಿಸಿ, ಆಲಂಕಾರು, ಕಡಬದ ಕಡೆಗೆ ಹೋಗಿಬಿಡುತ್ತದೆ. ಬಸ್ಸು ನಿಲ್ಲುವಲ್ಲಿ ಒಂದಷ್ಟು ಅಂಗಡಿ, ಹೋಟೇಲು, ನಾಲ್ಕು ರಿಕ್ಷಾ. ಉಳಿದಂತೆ ಮನೆಗಳೆಲ್ಲ ಅವರವರ ಅಡಿಕೆ ತೋಟದೊಳಗೆ. ನೆರೆಮನೆಯ ನಾಯಿ ಬೊಗಳುವುದು ಕೇಳುತ್ತದೆ, ಮನೆ ಕಾಣುವುದಿಲ್ಲ. ಮೈಸೂರು ಕಡೆಯ ಗೆಳೆಯರೊಬ್ಬರು ಮೊದಲ ಸಲ ಬಂದವರು, ಜೀಪಿನಲ್ಲಿ ಕುಲುಕಿ ಕುಲುಕಿ ಸಾಕಾಗಿ, "ನಿಮ್ಮೂರು ಇನ್ನೂ ಎಷ್ಟು ದೂರ ಸ್ವಾಮಿ?" ಎಂದರು. "ಊರೊಳಗೇ ಇದ್ದೇವೆ ಮಾರಾಯರೇ, ಆಗಲೇ ಅರ್ಧ ಆಯಿತು" ಎಂದರೆ ಅವರು ನನ್ನ ಮುಖ ನೋಡಿದರು, ಆಮೇಲೆ ಹೊರಗಿನ ಕಾಡು ನೋಡಿದರು. ಅವರ ಕಡೆ ಊರೆಂದರೆ ಜಗಲಿಗೆ ಜಗಲಿ ಎದುರಾಗಿ, ನಡುವೆ ಬೀದಿ, ಬೀದಿಯ ಕೊನೆಗೆ ಗುಡಿ. ನಮ್ಮದು ಗ್ರಾಮ ಪಂಚಾಯತಿಯ ಫಲಕ ಓದಿ ನಂಬಬೇಕಾದ ಊರು.

ಇಂಥ ಊರಿನಲ್ಲಿ ಹುಟ್ಟಿ ಕ್ಯಾಮೆರಾದ ಮರುಳು ಹತ್ತಿಸಿಕೊಂಡವನ ಪಾಡು ಏನಾಗಬೇಕು? ಬೀದಿಪಟದ, ಅಂದರೆ ಸ್ಟ್ರೀಟ್ ಫೋಟೋಗ್ರಫಿಯ, ದೊಡ್ಡ ಹೆಸರುಗಳೆಲ್ಲ ಪೇಟೆಯವು. ರಘುಬೀರ್ ಸಿಂಗ್ ಅವರಿಗೆ ಕೋಲ್ಕತ್ತ ಇತ್ತು, ರಘು ರೈ ಅವರಿಗೆ ದೆಹಲಿ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರಿಗೆ ಇಡೀ ದೇಶದ ಸಣ್ಣ ಊರುಗಳಿದ್ದವು. ಅವರ ಪಟಗಳಲ್ಲಿ ಒಂದು ಗೋಡೆ ಇರುತ್ತದೆ, ಒಂದು ಮೆಟ್ಟಿಲು, ಅರ್ಧ ತೆರೆದ ಕಿಟಕಿ. ಅದರೆದುರು ಯಾರೋ ಹಾದು ಹೋಗುತ್ತಾರೆ. ಇಲ್ಲಿ ಗೋಡೆಯೆಂದರೆ ಮುರಕಲ್ಲಿನ ಪಾಗಾರ, ಅದರ ಹಿಂದೆ ಅಡಿಕೆ ಮರ. ಅದರೆದುರು ಹಾದು ಹೋಗುವವರು ಯಾರೂ ಇಲ್ಲ. ಅಪರೂಪಕ್ಕೆ ಯಾರಾದರೂ ಬಂದರೆ ಅವರು ಹಾದು ಹೋಗುವುದಿಲ್ಲ, ನಿಂತು ಮಾತಾಡುತ್ತಾರೆ. ಅಡಿಕೆಯ ದರ, ಮಳೆ, ಮಗಳ ಮದುವೆ, ಎಲ್ಲ ಮುಗಿಯುವಾಗ ಬೆಳಕು ಹೋಗಿರುತ್ತದೆ.

ಪಟ ತೆಗೆಯಲೆಂದೇ ಜನ ಬರುವ ಜಾಗ ಒಂದು ನಮ್ಮಲ್ಲೂ ಇದೆ, ಸರಕಾರದ ಜಾನುವಾರು ಫಾರ್ಮು. ಮಳೆ ಹಿಡಿದ ಮೇಲೆ ಆ ಗುಡ್ಡಗಳ ಹುಲ್ಲು ಹಸಿರಾಗಿ, ಮಂಜು ಇಳಿದು, ಮದುವೆ ನಿಶ್ಚಯವಾದ ಜೋಡಿಗಳು ಫೋಟೋಗ್ರಾಫರನ ಸಮೇತ ಬಂದಿಳಿಯುತ್ತವೆ. ಹುಡುಗಿಯ ಸೆರಗು ಹಾರಿಸಲು ಒಬ್ಬ, ಕೊಡೆ ಹಿಡಿಯಲು ಒಬ್ಬ. ಕ್ಯಾಮೆರಾ ಕಂಡ ಕೂಡಲೇ ಅವರ ಮುಖದ ಚರ್ಯೆ ಬದಲಾಗುತ್ತದೆ. ಬದಲಾಗದ್ದು ದನಗಳದ್ದು ಮಾತ್ರ. ಪಟಕ್ಕಾಗಿ ಅವು ಮೇಯುವುದು ಬಿಟ್ಟದ್ದನ್ನು ನಾನು ಕಂಡಿಲ್ಲ. ಬೀದಿಪಟಕ್ಕೆ ಬೇಕಾದ ಗುಣ ಅವಕ್ಕಿದೆ. ಏನು ಮಾಡುವುದು, ಅಲ್ಲಿ ಬೀದಿ ಇಲ್ಲ.

ಇಷ್ಟಾದರೂ ನಾನು ಹತಾಶನಾಗಿಲ್ಲ. ಯಾಕೆಂದರೆ ನಮ್ಮ ಸೀಮೆಯಲ್ಲಿ ಬೀದಿ ಮೊದಲು ಇದ್ದು ಆಮೇಲೆ ಅದರಲ್ಲಿ ಹಬ್ಬ ಆಗುವುದಲ್ಲ, ಹಬ್ಬ ಬಂದ ಮೇಲೆ ಬೀದಿ ಹುಟ್ಟುತ್ತದೆ. ಉಪ್ಪಿನಂಗಡಿಯನ್ನೇ ನೋಡಿ. ನೇತ್ರಾವತಿಗೆ ಕುಮಾರಧಾರೆ ಬಂದು ಕೂಡುವ ಜಾಗ, ದಡದಲ್ಲಿ ಸಹಸ್ರಲಿಂಗೇಶ್ವರ. ಮಖೆ ಜಾತ್ರೆ ಬಂತೆಂದರೆ ತೀರ್ಥಸ್ನಾನಕ್ಕೆ ಬಂದವರು, ಬಳೆಯವರು, ಚರುಮುರಿಯವರು, ಪ್ಲಾಸ್ಟಿಕ್ ಕೊಡದವರು, ಒಂದೇ ರಾತ್ರಿಯಲ್ಲಿ ಹೊಳೆಯ ಹೊಯಿಗೆಯ ಮೇಲೊಂದು ಪೇಟೆ. ಆ ಹೊಯಿಗೆಯ ಮೇಲೆ ಜೂನ್ ತಿಂಗಳಲ್ಲಿ ಕೆಂಪು ನೀರು ಆಳೆತ್ತರ ಹರಿಯುತ್ತದೆ. ಬಯಲುಸೀಮೆಯ ಬೀದಿಗೆ ಮುನ್ನೂರು ವರ್ಷವಾದರೆ ನಮ್ಮದಕ್ಕೆ ಮೂರು ದಿನ. ಪಟ ತೆಗೆಯುವವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಇನ್ನು ಪುತ್ತೂರು. ಮಹಾಲಿಂಗೇಶ್ವರನ ಜಾತ್ರೆಯ ಮೊದಲ ಉಪಕಾರ ಎಂದರೆ ಅದಕ್ಕೆ ಪಂಚಾಂಗ ಬೇಡ. ಸುಬ್ರಹ್ಮಣ್ಯದ ತೇರು ಚಂಪಾ ಷಷ್ಠಿಗೆ, ಮಂಗಳೂರಿನ ಕೊಡಿಯಾಲ ತೇರು ರಥಸಪ್ತಮಿಗೆ. ತಿಥಿ ಹಿಂದೆ ಮುಂದೆ ಓಡುತ್ತಿರುತ್ತದೆ. ಪುತ್ತೂರಿನಲ್ಲಿ ಏಪ್ರಿಲ್ 10ಕ್ಕೆ ಕೊಡಿ ಏರಿದರೆ 17ರ ರಾತ್ರಿ ಬ್ರಹ್ಮರಥ. ಮುಂಬಯಿಯಲ್ಲಿರುವವರು ವರ್ಷದ ಮುಂಚೆಯೇ ಊರಿಗೆ ಬರುವ ದಿನ ಗೊತ್ತು ಮಾಡಬಹುದು, ಮಾಡುತ್ತಾರೆ ಕೂಡ. ದೇವಸ್ಥಾನದ ಎದುರಿಗೆ ದೇವರಮಾರು ಗದ್ದೆ. ವರ್ಷದ ಒಂದು ಹೊತ್ತಿನಲ್ಲಿ ಅಲ್ಲಿ ಕೋಟಿ ಚೆನ್ನಯ ಜೋಡುಕರೆಯ ಕಂಬಳದ ಕೋಣಗಳು ಓಡುತ್ತವೆ, ಇನ್ನೊಂದು ಹೊತ್ತಿನಲ್ಲಿ ತೇರು ನಿಲ್ಲುತ್ತದೆ, ಬೆಡಿ, ಅಂದರೆ ಸುಡುಮದ್ದು, ಹೊತ್ತುತ್ತದೆ. ಪುತ್ತೂರು ಬೆಡಿ ಎಂದರೆ ಸುತ್ತಿನ ಹತ್ತೂರಿನ ಮಕ್ಕಳಿಗೆ ಆ ರಾತ್ರಿ ನಿದ್ದೆ ಇಲ್ಲ.

ಈ ಜಾತ್ರೆಯಲ್ಲಿ ಆನೆಯ ಪಟ ಬೇಕು ಎಂದು ಬಂದವರು ಮಾತ್ರ ಬರಿಗೈಯಲ್ಲಿ ಹೋಗಬೇಕು. ಧರ್ಮಸ್ಥಳದಲ್ಲಿ ಆನೆ ಇದೆ, ಸುಬ್ರಹ್ಮಣ್ಯದಲ್ಲಿ ಆನೆ ಇದೆ, ಮಹಾಲಿಂಗೇಶ್ವರನಿಗೆ ಆನೆ ಆಗುವುದಿಲ್ಲ. ಲಿಂಗವನ್ನು ಕಿತ್ತು ಬೇರೆಡೆಗೆ ಒಯ್ಯಲು ಆನೆ ಕಟ್ಟಿ ಎಳೆಸಿದರಂತೆ. ಲಿಂಗ ಬೆಳೆಯುತ್ತ ಹೋಯಿತು, ಆನೆ ಛಿದ್ರವಾಯಿತು, ಕೊಂಬು ಬಿದ್ದಲ್ಲಿ ಕೊಂಬೆಟ್ಟು ಆಯಿತು ಎನ್ನುತ್ತದೆ ಐತಿಹ್ಯ. ನನಗಂತೂ ಇದು ಅನುಕೂಲವೇ ಆಗಿದೆ. ಆನೆ ಇದ್ದಲ್ಲಿ ಎಲ್ಲ ಕ್ಯಾಮೆರಾಗಳೂ ಆನೆಯ ಕಡೆಗೇ ತಿರುಗುತ್ತವೆ. ಮೈಸೂರು ದಸರೆಯ ಪಟಗಳನ್ನು ಸಾಲಾಗಿ ಇಟ್ಟು ನೋಡಿ, ಅಂಬಾರಿಯ ಪಟ ಯಾರು ತೆಗೆದರೂ ಒಂದೇ. ಆದರೆ ಆ ಅಂಬಾರಿ ಬರುವುದನ್ನು ಕಾಯುತ್ತ ಬನ್ನಿಮಂಟಪದ ದಾರಿಯ ಮರ ಹತ್ತಿ ಕೂತವರ ಪಟ ಒಬ್ಬೊಬ್ಬರದ್ದು ಒಂದೊಂದು ತರ.

ನನ್ನ ಹಟ ಇಷ್ಟೇ: ತೇರಿಗೆ ಬೆನ್ನು ಹಾಕಿ ನಿಲ್ಲಬೇಕು. ದೇವರಿಗೆ ಬೆನ್ನು ಹಾಕುವುದೇ ಎಂದು ಅತ್ತೆ ಬೈಯುತ್ತಾರೆ. ದೇವರು ಪಟಕ್ಕೆ ಸಿಕ್ಕುವವನಲ್ಲ, ನೋಡುವವರ ಮುಖದಲ್ಲಿ ಸಿಕ್ಕಿದಷ್ಟು ಸಿಕ್ಕೀತು ಎಂದು ನಾನು ವಾದಿಸುತ್ತೇನೆ. ತೇರು ಎಳೆಯುವ ಕ್ಷಣಕ್ಕೆ ಸಾವಿರ ಜನ ಒಟ್ಟಿಗೆ ಕತ್ತು ಎತ್ತುತ್ತಾರೆ. ಅಪ್ಪನ ಹೆಗಲೇರಿದ ಮಗು, ಬೆಳಗಿನಿಂದ ನಿಂತು ಕಾಲು ಬಾತ ಅಜ್ಜಿ, ಡ್ಯೂಟಿಯಲ್ಲಿದ್ದೂ ಟೊಪ್ಪಿ ಕಂಕುಳಿಗೆ ಸಿಕ್ಕಿಸಿ ಕೈ ಮುಗಿದ ಪೊಲೀಸು, ಗಿರಾಕಿಯ ಕೈಯನ್ನು ಹಿಡಿದಲ್ಲೇ ಬಿಟ್ಟು ತೇರಿನತ್ತ ತಿರುಗಿದ ಬಳೆಯವಳು. ತೇರಿನ ಮೈತುಂಬ ಇರುವ ವಿದ್ಯುದ್ದೀಪ ಅವರ ಮುಖಕ್ಕೆ ಎದುರಿನಿಂದ ಬೀಳುತ್ತದೆ. ಫ್ಲ್ಯಾಶು ಬೇಡವೇ ಬೇಡ. ತೇರಿನತ್ತ ಕ್ಯಾಮೆರಾ ಹಿಡಿದವನಿಗೆ ಅದೇ ದೀಪಗಳು ಕಣ್ಣು ಕುಕ್ಕಿ, ಮೀಟರು ಮೋಸ ಹೋಗಿ, ಪಟದಲ್ಲಿ ಬರೇ ಬಲ್ಬಿನ ಮಾಲೆ ಬರುತ್ತದೆ. ಶಾಸ್ತ್ರ ಅತ್ತೆಯ ಪಕ್ಷ ಇರಬಹುದು, ಬೆಳಕು ನನ್ನ ಪಕ್ಷ.

ತೇರಿನ ಹಿಂದಿನ ರಾತ್ರಿ, ಅಂದರೆ 16ಕ್ಕೆ, ಬಲ್ನಾಡಿನ ಉಳ್ಳಾಲ್ತಿ, ದಂಡನಾಯಕ ದೈವಗಳು ದೇವರ ಭೇಟಿಗೆ ಬರುತ್ತವೆ. ಉಳ್ಳಾಲ್ತಿಗೆ ಮಲ್ಲಿಗೆ ಎಂದರೆ ಪ್ರೀತಿ. ಅವತ್ತು ಪುತ್ತೂರು ಪೇಟೆಯಲ್ಲಿ ಮಲ್ಲಿಗೆಯ ಅಟ್ಟೆಗೆ ಎಷ್ಟು ಎಂದು ಕೇಳುವ ಧೈರ್ಯ ಇದ್ದವರಷ್ಟೇ ಕೇಳಬೇಕು. ಬುಟ್ಟಿ ಬುಟ್ಟಿ ಹೂವು, ಬಾಳೆ ನಾರಿನ ತೇವ, ಜನರ ಬೆವರು, ಎಲ್ಲ ಸೇರಿದ ಒಂದು ಪರಿಮಳ. ಇದನ್ನು ಮಾತ್ರ ಯಾವ ಕ್ಯಾಮೆರಾವೂ ಹಿಡಿಯದು. ಪುತ್ತೂರಿನಲ್ಲಿ ಹೀಗೆ ಪಟಕ್ಕೆ ದಕ್ಕದೆ ಹೋದ ಪರಿಮಳ ಇನ್ನೂ ಒಂದಿದೆ. ಕ್ಯಾಂಪ್ಕೊ 1986ರಲ್ಲಿ ತೆರೆದ ಚಾಕಲೇಟು ಕಾರ್ಖಾನೆ ಇರುವುದು ಅಲ್ಲೇ, ಕೆಮ್ಮಿಂಜೆಯಲ್ಲಿ.

ತೇರು ಎಳೆದ ಮರುದಿನ ದೇವರು ಅವಭೃತಕ್ಕೆ ಹೊರಟು ವೀರಮಂಗಲದ ಕುಮಾರಧಾರೆಯವರೆಗೆ ಸವಾರಿ ಹೋಗುತ್ತಾರೆ. ಅದಕ್ಕೂ ಮುಂಚೆ ಪ್ರತಿ ರಾತ್ರಿ ಪೇಟೆ ಸವಾರಿ. ದಾರಿಯುದ್ದಕ್ಕೂ ಕಟ್ಟೆಗಳು, ಕಟ್ಟೆಪೂಜೆಗಳು. ನಮ್ಮ ದೇವರು ಬೀದಿಗೆ ಬರುವುದಷ್ಟೇ ಅಲ್ಲ, ತಾನು ಬರುವ ದಾರಿಯನ್ನು ಬೀದಿ ಮಾಡುತ್ತಾನೆ. ನಿನ್ನೆಯವರೆಗೆ ಲಾರಿ ಓಡುತ್ತಿದ್ದ ಡಾಮರಿಗೆ ಇವತ್ತು ಸೆಗಣಿ ಸಾರಿಸಿ ರಂಗೋಲಿ ಇಟ್ಟಿರುತ್ತಾರೆ. ಟಯರು ಪಂಚರಿನ ಅಂಗಡಿಯವನು ಕೈ ತೊಳೆದು, ಅಂಗಿ ಬದಲಾಯಿಸಿ, ಹಣ್ಣುಕಾಯಿ ಹಿಡಿದು ನಿಂತಿರುತ್ತಾನೆ. ನನ್ನ ಲೆಕ್ಕದಲ್ಲಿ ಜಾತ್ರೆಯ ಅತಿ ಒಳ್ಳೆಯ ಪಟಗಳು ಇರುವುದು ಈ ಕಾಯುವ ಹೊತ್ತಿನಲ್ಲಿ. ದೇವರು ಬಂದ ಮೇಲೆ ಎಲ್ಲರೂ ಒಂದೇ ತರ ಕಾಣುತ್ತಾರೆ, ಬರುವ ಮೊದಲು ಒಬ್ಬೊಬ್ಬರು ಒಂದೊಂದು ತರ.

ಉಡುಪಿಯ ರಥಬೀದಿಯೂ ಹಾಗೆಯೇ. ಅಷ್ಟಮಠಗಳ ಎದುರಿನಿಂದ ಸುತ್ತಿ ಬರುವ ಆ ಬೀದಿಯ ಅಗಲ ತೇರಿನ ಗಾಲಿಗೆ ತಕ್ಕದ್ದು, ಕಾರಿಗೆ ತಕ್ಕದ್ದಲ್ಲ. ವಿಟ್ಲಪಿಂಡಿಯ ದಿನ ಮಣ್ಣಿನ ಕೃಷ್ಣ ತೇರೇರಿ ಬರುವಾಗ ಗೊಲ್ಲರ ವೇಷದವರು ಮೊಸರು ಕುಡಿಕೆ ಒಡೆಯುತ್ತಾರೆ, ಕ್ಯಾಮೆರಾದ ಗಾಜಿನ ಮೇಲೂ ಓಕುಳಿ. ಅಲ್ಲಿನ ಆಸ್ಟ್ರೋ ಮೋಹನ್ ಅಂಥವರು ಪತ್ರಿಕೆಯಲ್ಲಿ ಹಾಕಿದ ಪಟಗಳನ್ನು ಕತ್ತರಿಸಿಟ್ಟುಕೊಂಡು ಬೆಳೆದವರು ನಮ್ಮ ಜಿಲ್ಲೆಗಳಲ್ಲಿ ಬಹಳ.

ಎಲ್ಲದರ ಪಟ ತೆಗೆಯಬಹುದೇ ಎಂದರೆ ಇಲ್ಲ. ದೇವಸ್ಥಾನದೊಳಗೆ, ಗರ್ಭಗುಡಿಯ ಎದುರು, ಕ್ಯಾಮೆರಾ ಇಲ್ಲ. ಅದರಲ್ಲಿ ಜಗಳಕ್ಕೆ ಏನೂ ಇಲ್ಲ. ದೈವದ ಕೋಲದ್ದು ಸೂಕ್ಷ್ಮದ ವಿಷಯ. 2022ರಲ್ಲಿ 'ಕಾಂತಾರ' ಬಂದ ಮೇಲೆ ದೈವದ ಅಂಗಳಕ್ಕೆ ಮೊಬೈಲುಗಳ ದಂಡು ಬಂತು. ಮೊದಲಿನವರು ನೋಡಲು ಬರುತ್ತಿದ್ದರು, ಇವರು ತೋರಿಸಲು ಬರುತ್ತಾರೆ. ಮುಖಕ್ಕೆ ಅರದಳ ಹಚ್ಚಿಕೊಂಡು ವೇದಿಕೆಯಲ್ಲಿ ಕೂಗುವವರೂ ಹುಟ್ಟಿದರು. ಹಾಗಾಗಿ ಎಷ್ಟೋ ಕಡೆ ಈಗ "ಪಟ, ವಿಡಿಯೋ ತೆಗೆಯಬಾರದು" ಎಂಬ ಬೋರ್ಡು. ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಒಬ್ಬ ಮನುಷ್ಯ ಅಣಿ ಕಟ್ಟಿ, ಗಗ್ಗರ ಹಿಡಿದು, ತಾನಲ್ಲದ್ದಾಗುವ ಹೊತ್ತಿಗೆ ಅವನ ಮೂಗಿನ ಬುಡಕ್ಕೆ ಮೊಬೈಲು ಹಿಡಿಯುವುದು ಪಟ ತೆಗೆಯುವ ಕೆಲಸವಲ್ಲ. ಬೋರ್ಡು ಇಲ್ಲದ ಕಡೆಯೂ ಯಜಮಾನರನ್ನು ಕೇಳಬೇಕು, ಕಟ್ಟುವವರನ್ನೂ ಕೇಳಬೇಕು. ಬೇಡ ಎಂದರೆ ಕ್ಯಾಮೆರಾ ಚೀಲಕ್ಕೆ ಹಾಕಿ ಕೂತು ನೋಡಬೇಕು. ನೋಡುವುದೂ ಒಂದು ಕೆಲಸವೇ.

ಹುಲಿಗೆ ಈ ಮುಜುಗರ ಯಾವುದೂ ಇಲ್ಲ. ಪಿಲಿವೇಷದ ಹುಲಿ ಪಟ ತೆಗೆಸಿಕೊಳ್ಳಲೆಂದೇ ಹುಟ್ಟಿದ ಪ್ರಾಣಿ. ನವರಾತ್ರಿಯಲ್ಲಿ ಮಂಗಳೂರಿಗೆ ಹೋಗಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥನ ಸನ್ನಿಧಿಯಲ್ಲಿ ನವದುರ್ಗೆಯರ, ಶಾರದೆಯ ಮಣ್ಣಿನ ಮೂರ್ತಿಗಳು. ಇತ್ತ ಮಂಗಳೂರು ರಥಬೀದಿಯ ಶಾರದೆ. ಊರು ತುಂಬ ತಾಸೆಯ ಸದ್ದು. ಎಲ್ಲರೂ ಕುಣಿಯುವ ಹುಲಿಯ ಪಟಕ್ಕೆ ಮುಗಿಬೀಳುತ್ತಾರೆ. ಹುಲಿ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವ ಕ್ಷಣಕ್ಕೆ ನೂರು ಮೊಬೈಲು. ನಾನು ಹಿಂದಿನ ರಾತ್ರಿಯ ಗಿರಾಕಿ. ಬಣ್ಣ ಹಾಕುವ ಕೋಣೆಯಲ್ಲಿ ಹತ್ತು ಹುಡುಗರು ಕೈ ಚಾಚಿ, ಬಿದಿರಿನ ಕೋಲಿಗೆ ಆನಿಸಿ, ಬಣ್ಣ ಒಣಗಲೆಂದು ನಿಂತಿರುತ್ತಾರೆ. ಕೂರುವಂತಿಲ್ಲ, ಒರಗುವಂತಿಲ್ಲ, ಮೂಗು ತುರಿಸಿದರೆ ತಾನು ತುರಿಸಿಕೊಳ್ಳುವಂತಿಲ್ಲ. ಅರ್ಧ ಹಳದಿಯಾದ ಹುಲಿಗೆ ತಮ್ಮ ಬಂದು ಚಹಾ ಕುಡಿಸುತ್ತಾನೆ. "ಅಣ್ಣಾ, ಈಗ ತೆಗೀಬೇಡಿ, ಪಟ್ಟೆ ಬರೆದಾಗಲಿ" ಎಂದು ಹುಲಿ ನಾಚುತ್ತದೆ. ಬೆಳಿಗ್ಗೆ ಊದು ಹಾಕಿ ಪೂಜೆ ಆಗಿ, ತಲೆಗೆ ಮಂಡೆ ಏರಿದ ಮೇಲೆ ಈ ನಾಚಿಕೆ ಎಲ್ಲಿಗೆ ಹೋಗುತ್ತದೋ!

ನಮ್ಮ ಸೀಮೆಯಲ್ಲಿ ಆತೂರು, ಅತ್ತೂರುಗಳಿಗೆ ಬರವಿಲ್ಲ. ನಮ್ಮದು ಆತೂರು. ಕಾರ್ಕಳದಲ್ಲಿ ಅತ್ತೂರು, ಅಲ್ಲಿ ಸಂತ ಲಾರೆನ್ಸರ ಇಗರ್ಜಿ, ಜನವರಿಯಲ್ಲಿ ಅದರ ಜಾತ್ರೆ. ಮೋಂಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಎಲ್ಲ ಮತದವರೂ. ಕಟೀಲಿನ ಹತ್ತಿರ ಇನ್ನೊಂದು ಅತ್ತೂರು. ಕಟೀಲು ದುರ್ಗೆಯ ಜಾತ್ರೆಯಲ್ಲಿ ಈ ಅತ್ತೂರಿನವರೂ ಕೊಡೆತ್ತೂರಿನವರೂ ಎದುರುಬದುರು ನಿಂತು, ಉರಿಯುವ ತೆಂಗಿನ ಗರಿಯ ಸೂಟೆಗಳನ್ನು ಒಬ್ಬರ ಮೇಲೊಬ್ಬರು ಎಸೆದುಕೊಳ್ಳುತ್ತಾರೆ. ಅದಕ್ಕೆ ತೂಟೆದಾರ ಎಂದು ಹೆಸರು. ಶಟರನ್ನು ನಿಧಾನ ಮಾಡಿದರೆ ಪ್ರತಿ ಸೂಟೆ ಕತ್ತಲಲ್ಲಿ ಒಂದೊಂದು ಬಿಲ್ಲು ಬರೆಯುತ್ತದೆ. ಬೇಗ ಮಾಡಿದರೆ ಎಸೆಯುವವನ ಮುಖ ಸಿಗುತ್ತದೆ. ಎರಡೂ ಬೇಕೆಂದರೆ ಎರಡು ವರ್ಷ ಹೋಗಬೇಕು.

ತೇರು, ಕೋಲಗಳ ಗದ್ದಲವೆಲ್ಲ ಪತ್ತನಾಜೆಯವರೆಗೆ. ಮೇ 24ರ ಸುಮಾರಿಗೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ, ದೈವಗಳು ಗಗ್ಗರ ಬಿಚ್ಚುತ್ತವೆ, ಯಕ್ಷಗಾನದ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ದೀಪಾವಳಿಯವರೆಗೆ ಮಳೆಯದ್ದೇ ಜಾತ್ರೆ. ಆಟಿಯಲ್ಲಿ ಕಳೆಂಜ ಮನೆಮನೆಗೆ ಬಂದು ಹೋಗುತ್ತಾನೆ, ಅಷ್ಟಮಿಯ ಕುಡಿಕೆ, ಪುತ್ತೂರಿನ ಕಿಲ್ಲೆ ಮೈದಾನದ ಗಣಪತಿ, ನವರಾತ್ರಿಯ ಹುಲಿ ಇವೆ, ಇಲ್ಲವೆಂದಲ್ಲ. ಆದರೆ ಕ್ಯಾಮೆರಾ ಹೆಚ್ಚಿನ ದಿನ ಕಪಾಟಿನಲ್ಲಿ, ಅಲ್ಲಿ ಅದರ ನಿಜವಾದ ಶತ್ರು ಕಾಯುತ್ತಿರುತ್ತದೆ, ಬೂಷ್ಟು. ಹೊರಗೆ ಧೋ ಎಂದು ಸುರಿಯುವಾಗ ಒಳಗೆ ಲೆನ್ಸಿನ ಗಾಜಿನ ಮೇಲೆ ಬಿಳಿ ಬೇರು ಬಿಡುತ್ತದೆ. ದಿಲ್ಲಿಯವರು ಬರೆದ ಪುಸ್ತಕಗಳಲ್ಲಿ ಧೂಳಿನ ಬಗ್ಗೆ ಅಧ್ಯಾಯ ಇರುತ್ತದೆ, ಬೂಷ್ಟಿನ ಬಗ್ಗೆ ಒಂದು ಸಾಲಿರುವುದಿಲ್ಲ. ನಮ್ಮಲ್ಲಿ ಕೆಲವರು ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುತ್ತಾರೆ, ಕೆಲವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕುತ್ತಾರೆ, ಅಜ್ಜಿ ಇರುವ ಮನೆಯಲ್ಲಿ ಹುರಿದ ಅಕ್ಕಿ.

ಬೂಷ್ಟು ಲೆನ್ಸಿಗೆ ಮಾತ್ರ ಬಂದರೆ ಇಷ್ಟು ಹೇಳುತ್ತಿರಲಿಲ್ಲ. ಅದು ನೆಗೆಟಿವಿಗೂ ಬರುತ್ತದೆ. ಇಲ್ಲಿ ನನಗೆ ಜಾತ್ರೆಯ ಸ್ಟುಡಿಯೋ ನೆನಪಾಗುತ್ತದೆ. ತೊಟ್ಟಿಲು, ಮರಣಬಾವಿಯ ಪಕ್ಕದಲ್ಲಿ ಒಂದು ಡೇರೆ, ಒಳಗೆ ಪರದೆ, ಪರದೆಯ ಮೇಲೆ ತಾಜ್‌ಮಹಲು, ವಿಮಾನ, ಎರಡು ಹಂಸ ಇರುವ ಕೆರೆ. ಎದುರಿಗೆ ಒಂದು ಮೋಟಾರು ಸೈಕಲು, ಅದಕ್ಕೆ ಇಂಜಿನು ಇತ್ತೋ ಇಲ್ಲವೋ. ತೋಟದ ಕೆಲಸಕ್ಕೆ ಹೋಗುತ್ತಿದ್ದವರು, ಬೀಡಿ ಕಟ್ಟಿ ಬ್ರಾಂಚಿಗೆ ಕೊಡುತ್ತಿದ್ದ ಹೆಂಗಸರು, ಹೊಸತಾಗಿ ಮದುವೆಯಾದವರು, ಕೂದಲಿಗೆ ನೀರು ಹಾಕಿ ಬಾಚಿ ಅಲ್ಲಿ ಕೂತು ಪಟ ತೆಗೆಸಿಕೊಂಡರು. ನಮ್ಮ ಸೀಮೆಯ ಎಷ್ಟೋ ಮನೆಗಳ ಗೋಡೆಯಲ್ಲಿ ಅಜ್ಜ ಅಜ್ಜಿಯರು ಒಟ್ಟಿಗಿರುವ ಒಂದೇ ಒಂದು ಪಟ ಇದ್ದರೆ ಅದು ಜಾತ್ರೆಯದ್ದು. ಹಬ್ಬ ಹುಟ್ಟಿಸಿದ ಬೀದಿಯ ಮೊದಲ ಪಟಗಾರರು ಈ ಡೇರೆಯವರೇ ಹೊರತು ನನ್ನಂಥ ಶೋಕಿಯವರಲ್ಲ. ಅವರದ್ದು ಪ್ರದರ್ಶನ ಆಗಲಿಲ್ಲ, ಪುಸ್ತಕ ಆಗಲಿಲ್ಲ. ಸತ್ಯನ್ ಅವರು ತೆಗೆದ ಮಕ್ಕಳ ಪಟಗಳನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ತೂಗುಹಾಕಿದರು. ಡೇರೆಯವರು ತೆಗೆದ ಮಕ್ಕಳ ಪಟಗಳು ದೇವರ ಕೋಣೆಯ ಬಾಗಿಲ ಮೇಲೆ ತೂಗುತ್ತಿವೆ. ಅದೂ ಸಣ್ಣ ಜಾಗವಲ್ಲ.

ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರಿಗೂ ಈ ಕ್ಯಾಮೆರಾದ ಹುಚ್ಚು ಮುಟ್ಟಿತ್ತು. ಮಾತು ಬಾರದ ಸಿನೆಮಾದ ಕಾಲದಲ್ಲೇ ಚಿತ್ರ ತೆಗೆಯಲು ಹೊರಟವರು ಅವರು. ಪುತ್ತೂರಿನಲ್ಲಿ ದಸರಾ ನಾಡಹಬ್ಬ ನಡೆಸಿದವರೂ ಅವರೇ. ಹಬ್ಬವನ್ನೂ ಮಾಡಿ, ಕ್ಯಾಮೆರಾವನ್ನೂ ಹಿಡಿದವರು ಹೆಚ್ಚಿಲ್ಲ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ತೇರಿನ ದಿನ ಮುಗಿದ ಕೈಗಳಿಗಿಂತ ಎತ್ತಿದ ಮೊಬೈಲುಗಳೇ ಹೆಚ್ಚು. ದೂರಲಾರೆ, ನಾನು ಬೆನ್ನು ಹಾಕಿ ನಿಂತು ತೆಗೆಯುವ ಪಟಗಳಲ್ಲಿ ಈಗ ಆ ಮೊಬೈಲುಗಳ ನೀಲಿ ಬೆಳಕೂ ಸೇರಿದೆ, ಅದೂ ಈ ಕಾಲದ್ದೇ. ಬದಲಾದದ್ದು ಒಂದು ಪ್ರಶ್ನೆ. ರೋಲಿನ ಕಾಲದಲ್ಲಿ ಯಾರ ಪಟ ತೆಗೆದರೂ, "ಪಟ ಯಾವಾಗ ಕೊಡ್ತೀರಿ?" ಎಂದು ಕೇಳುತ್ತಿದ್ದರು. ಮೂವತ್ತಾರರ ರೋಲು ಮುಗಿಯಬೇಕು, ತೊಳೆಸಬೇಕು, ಮುಂದಿನ ಜಾತ್ರೆಗೆ ಬಂದಾಗ ಹುಡುಕಿ ಕೊಡಬೇಕು. ಕೊಟ್ಟರೆ ಒಂದು ಕೆಂಪು ಗೋಲಿಸೋಡ ಖಂಡಿತ. ಈಗ ಯಾರೂ ಕೇಳುವುದಿಲ್ಲ, ಯಾರೂ ಕೊಡುವುದೂ ಇಲ್ಲ. ತೆಗೆದದ್ದು ಫೋನಿನಲ್ಲಿ, ಫೋನು ಹಾಳಾದರೆ ಅದೂ ಇಲ್ಲ.

ನಿಮ್ಮ ಪೇಟೆಯಲ್ಲಿ ಹಳೆಯ ಸ್ಟುಡಿಯೋ ಒಂದು ಬಾಗಿಲು ಹಾಕುವ ಹಂತಕ್ಕೆ ಬಂದಿದ್ದರೆ ಒಮ್ಮೆ ಹೋಗಿ ಬನ್ನಿ. ಅಟ್ಟದಲ್ಲಿ ನೆಗೆಟಿವ್ ಪೆಟ್ಟಿಗೆಗಳಿರುತ್ತವೆ. ಬೆಳ್ಳಿ ತೆಗೆಯುವವರಿಗೆ ಮಾರುವ ಮುಂಚೆ, ಗುಜರಿಗೆ ಹಾಕುವ ಮುಂಚೆ, ಬೂಷ್ಟು ಪೂರ್ತಿ ತಿನ್ನುವ ಮುಂಚೆ, ಅವರನ್ನು ಕೇಳಿ ಜಾತ್ರೆಯ ಪಟಗಳನ್ನಾದರೂ ಪ್ರತಿ ಮಾಡಿಸಿಡಿ. ನಮ್ಮ ಜಿಲ್ಲೆಯ ಫೋಟೋಗ್ರಾಫರುಗಳಿಗೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಶನ್ ಎಂಬ ಸಂಘವೇ ಇದೆ. ಅವರು ಮನಸ್ಸು ಮಾಡಿದರೆ ಊರೂರಿನ ಪೆಟ್ಟಿಗೆಗಳನ್ನು ಒಂದೆಡೆ ಸೇರಿಸುವುದು ಕಷ್ಟವಲ್ಲ. ಬರುವ ಏಪ್ರಿಲ್ 17ಕ್ಕೆ ಪುತ್ತೂರಿಗೆ ಬರುವವರು ಯಾರದ್ದಾದರೂ ಪಟ ತೆಗೆದರೆ, ಅದರದ್ದೊಂದು ಪ್ರಿಂಟು ಹಾಕಿಸಿ ಅವರಿಗೆ ಮುಟ್ಟಿಸಿ.